ಬಿಲ್ ಬಾರದ ಕರೆಂಟನ್ನು ಯಾಕೆ ಉಳಿಸಬೇಕು ಅಂತ ಕೇಳಿದ್ರಲ್ಲ

ನಮಸ್ಕಾರ ಅಣ್ಣ. ನಿಮ್ಮ ಬೋರಿನ ಮೋಟಾರ್ ಎರಡು ಸಲ ಸುಟ್ಟು ರೀವೈಂಡಿಂಗ್ ಆಗಿದೆ, ಈಗ ನೀರು ಕಮ್ಮಿ ಎತ್ತುತ್ತಿದೆ, ಹೀಗೇ ಓಡಿಸಲಾ ಇಲ್ಲ ಕಮ್ಮಿ ಕರೆಂಟು ಎಳೆಯೋ ಸ್ಟಾರ್ ಗುರುತಿನ ಹೊಸ ಪಂಪು ತರಲಾ ಅಂತ ಕೇಳಿದ್ರಿ. ಜೊತೆಗೆ ಇನ್ನೊಂದು ಮಾತು ಬರೆದಿದ್ರಿ: "10 ಎಚ್‌ಪಿ ತನಕ ಕರೆಂಟು ಉಚಿತ, ನನಗೆ ಬಿಲ್ಲೇ ಬರಲ್ಲ. ಉಳಿಸಿದರೆ ದೇಶಕ್ಕೇನೋ ಲಾಭ ಇರಬಹುದು, ನನಗೇನು?" ಈ ಪ್ರಶ್ನೆ ನನಗೂ ಬಹಳ ವರ್ಷ ಇತ್ತು. ನನ್ನ ಅಡಿಕೆ ತೋಟದಲ್ಲೇ ಅಳೆದು ನೋಡಿದ ಮೇಲೆ ಬೇರೆ ರೀತಿ ಕಾಣೋಕೆ ಶುರುವಾಯ್ತು. ಉತ್ತರ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಅಂಗಡಿಗೆ ಹೋಗೋ ಮೊದಲು ಈಗಿರೋ ಪಂಪನ್ನು ಅಳೆಯಿರಿ. 200 ಲೀಟರ್ ಡ್ರಮ್ಮನ್ನು ಬೋರಿನ ಬಾಯಿ ಹತ್ತಿರವೇ ಇಟ್ಟು, ಪಂಪು ಅರ್ಧ ಗಂಟೆ ಓಡಿದ ಮೇಲೆ, ತುಂಬೋಕೆ ಎಷ್ಟು ಸೆಕೆಂಡು ಹಿಡಿಯುತ್ತೆ ನೋಡಿ. ನನ್ನದು 100 ಸೆಕೆಂಡು, ಅಂದ್ರೆ ಸೆಕೆಂಡಿಗೆ 2 ಲೀಟರ್. ಇನ್ನು ಆಳ. ಇಲ್ಲಿ ತುಂಬ ಜನ ತಪ್ಪುತ್ತಾರೆ. ನನ್ನ ಮೋಟಾರ್ ಇರೋದು 400 ಅಡಿಯಲ್ಲಿ, ಆದರೆ ಪಂಪು ಓಡುವಾಗ ನೀರು ನಿಲ್ಲೋದು 250 ಅಡಿಗೆ. ಪಂಪು ನಿಜವಾಗಿ ಎತ್ತುತ್ತಿರೋದು ಆ 250 ಅಡಿ, ಸುಮಾರು 76 ಮೀಟರ್. ಮೂರನೆಯದು, ಎಲೆಕ್ಟ್ರಿಷಿಯನ್ ಕೈಲಿ ಕ್ಲ್ಯಾಂಪ್ ಮೀಟರ್ ಹಾಕಿಸಿ ಆಂಪ್ಸ್, ಅಂದ್ರೆ ಮೋಟಾರ್ ಎಳೆಯೋ ಕರೆಂಟು ಎಷ್ಟು ಅಂತ ನೋಡಿ. ನೀವೇ ಸ್ಟಾರ್ಟರ್ ಬಿಚ್ಚಬೇಡಿ.

ಲೆಕ್ಕ ಸುಲಭ. 2 ಲೀಟರ್ × 76 ಮೀಟರ್ × 9.81 ಮಾಡಿದರೆ ಸುಮಾರು 1,490 ವ್ಯಾಟ್. ನೀರನ್ನು ಎತ್ತೋಕೆ ಬೇಕಾದ ಶಕ್ತಿ ಇಷ್ಟೇ. ಮೋಟಾರ್ ಎಳೆಯುತ್ತಿದ್ದದ್ದು 400 ವೋಲ್ಟಿನಲ್ಲಿ 9 ಆಂಪ್ಸ್, ಅದನ್ನು ತ್ರೀಫೇಸಿನ ಲೆಕ್ಕದ 1.732ರಿಂದಲೂ, ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರೋ ಪಾಲು ಹೇಳೋ ಪವರ್ ಫ್ಯಾಕ್ಟರ್ 0.8ರಿಂದಲೂ ಗುಣಿಸಿದರೆ 5,000 ವ್ಯಾಟ್ ಹತ್ತಿರ. ಅಂದ್ರೆ ನೂರಕ್ಕೆ ಮೂವತ್ತು ಭಾಗ ಮಾತ್ರ ನೀರಿನ ಕೆಲಸಕ್ಕೆ ಹೋಗಿದೆ. ಮಿಕ್ಕ ಎಪ್ಪತ್ತು ವೈಂಡಿಂಗ್ ಕಾಯಿಸೋಕೆ, ಸವೆದ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ತಿರುಗಿಸೋಕೆ, ಸಣ್ಣ ಪೈಪಿನಲ್ಲಿ ನೀರು ತಿಕ್ಕಾಡಿಕೊಂಡು ಬರೋಕೆ. ಅವತ್ತು ಆ ಲೆಕ್ಕದ ಚೀಟಿ ಹಿಡಿದುಕೊಂಡು ಪಂಪ್‌ಹೌಸ್ ಕಟ್ಟೆ ಮೇಲೆ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಮಾಡಿದ್ದು ಎರಡೇ ಕೆಲಸ. "ನೀರು ಇನ್ನೂ ಕೆಳಗೆ ಹೋದರೆ ಇರಲಿ" ಅಂತ ಮೊದಲು ಜಾಸ್ತಿ ಸ್ಟೇಜ್ (ಒಂದರ ಮೇಲೊಂದು ಕೂರೋ ಇಂಪೆಲ್ಲರ್) ಹಾಕಿಸಿ, ಗೇಟ್ ವಾಲ್ವ್ ಅರ್ಧ ಮುಚ್ಚಿ ಓಡಿಸ್ತಿದ್ದೆ. ಅದನ್ನು ತೆಗೆದು ನನ್ನ ಹೆಡ್ಡಿಗೆ, ಅಂದ್ರೆ ನೀರು ಎತ್ತಬೇಕಾದ ಒಟ್ಟು ಎತ್ತರಕ್ಕೆ ಹೊಂದೋ ಸ್ಟಾರ್ ಪಂಪು ಇಳಿಸಿದೆ. 2 ಇಂಚಿನ ಪೈಪ್ ಬದಲು ಎರಡೂವರೆ ಇಂಚು ಹಾಕಿದೆ. ಅಷ್ಟೇ ನೀರು ಹರಿಯುವಾಗ ಎರಡೂವರೆ ಇಂಚಿನ ಪೈಪಿನಲ್ಲಿ ತಿಕ್ಕಾಟದ ನಷ್ಟ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಈಗಲೂ ಡ್ರಮ್ ತುಂಬೋದು 100 ಸೆಕೆಂಡಿಗೇ, ಆದರೆ ಆಂಪ್ಸ್ 9ರಿಂದ 6ಕ್ಕೆ ಬಂದಿದೆ. 5,000 ವ್ಯಾಟ್ ಇದ್ದದ್ದು 3,300 ಆಯ್ತು. ಉಳಿದ 1,700 ವ್ಯಾಟ್ ಅಂದ್ರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 190 ಉರಿಯುವಷ್ಟು. ಮನೆಯಲ್ಲಿ ದೀಪ ಆರಿಸೋದು ಒಳ್ಳೇ ಅಭ್ಯಾಸ, ಬೇಡ ಅನ್ನಲ್ಲ. ಆದರೆ ರೈತನ ದೊಡ್ಡ ಉಳಿತಾಯ ಇರೋದು ಬೋರಿನೊಳಗೆ.

ಈಗ ದೇಶದ ಮಾತಿಗೆ ಬರ್ತೀನಿ. ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ಓಡಿದರೆ ನನ್ನ ಒಂದು ಪಂಪಿನಲ್ಲಿ 2,040 ಯೂನಿಟ್ ಉಳಿಯುತ್ತೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕಲ್ಲಿದ್ದಲಿನದು, ಅಂಥ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ಉಳಿದ ಯೂನಿಟ್ಟೆಲ್ಲ ಕಲ್ಲಿದ್ದಲಿನದೇ ಅಂದುಕೊಂಡರೆ ನನ್ನ ತೋಟ ಒಂದರಿಂದಲೇ ವರ್ಷಕ್ಕೆ ಸುಮಾರು 1,400 ಕೆಜಿ ಕಲ್ಲಿದ್ದಲು ಉಳಿಯುತ್ತೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರೋ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದಲೋ ಒಡಿಶಾ, ಮಹಾರಾಷ್ಟ್ರದಿಂದಲೋ ರೈಲಿನಲ್ಲಿ ಬರಬೇಕು.

ನಮ್ಮ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ ಇವೆ. ರಾಜ್ಯದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಇವಕ್ಕೇ ಹೋಗುತ್ತೆ. ಅದರಲ್ಲಿ 10 ಲಕ್ಷ ಪಂಪು ನನ್ನಷ್ಟೇ ಉಳಿಸಿದರೆ 204 ಕೋಟಿ ಯೂನಿಟ್. ಶಕ್ತಿನಗರದ 210 ಮೆಗಾವ್ಯಾಟಿನ ಒಂದು ಘಟಕ ವರ್ಷಪೂರ್ತಿ ಒಂದು ನಿಮಿಷವೂ ನಿಲ್ಲದೆ ಓಡಿದರೂ ಕೊಡೋದು 184 ಕೋಟಿ. ಹೊಸ ಘಟಕ ಕಟ್ಟೋಕೆ ಜಮೀನು ಬೇಕು, ನದಿ ನೀರು ಬೇಕು, ಸಾಲ ಬೇಕು, ಎಷ್ಟೋ ವರ್ಷ ಬೇಕು. ನಾವು ಪಂಪು, ಪೈಪು ಸರಿ ಮಾಡಿಕೊಂಡರೆ ಅಷ್ಟೇ ಶಕ್ತಿ ಹೊಗೆಯಿಲ್ಲದೆ ಸಿಗುತ್ತೆ. ಇನ್ನು ಉಚಿತ ಅನ್ನೋದು ನಮ್ಮ ಮಟ್ಟಿಗೆ ಮಾತ್ರ. ಸರ್ಕಾರ ನಮ್ಮ ಪಂಪುಗಳ ಲೆಕ್ಕಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಸಬ್ಸಿಡಿ ಕಟ್ಟುತ್ತೆ. ಸಬ್‌ಸ್ಟೇಷನ್ ಬೇಕು ಅಂತ ನಾವು ಅರ್ಜಿ ಕೊಡೋದೂ ಅದೇ ಖಜಾನೆಗೆ. ಉಚಿತ ವಿದ್ಯುತ್ ತೆಗೆಯಬೇಕು ಅಂತ ನಾನು ಹೇಳ್ತಿಲ್ಲ, ಸಣ್ಣ ಹಿಡುವಳಿಗೆ ಅದಿಲ್ಲದೆ ಆಗಲ್ಲ.

2023 ನೆನಪಿದೆಯಲ್ಲ? ಮಳೆ ಕೈಕೊಟ್ಟಿತು, ಲಿಂಗನಮಕ್ಕಿ ತುಂಬಲಿಲ್ಲ. ಅಕ್ಟೋಬರಿನಲ್ಲಿ ಬೆಳೆ ಉಳಿಸಿಕೊಳ್ಳೋಕೆ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿದ್ವಿ. ಶರಾವತಿಯಲ್ಲಿ ಕರೆಂಟು ಕಮ್ಮಿಯಾಗೋಕೂ ಹೊಲದಲ್ಲಿ ಬೇಡಿಕೆ ಏರೋಕೂ ಕಾರಣ ಒಂದೇ, ಮಳೆ ಇಲ್ಲದ್ದು. 7 ಗಂಟೆ ಇದ್ದ ತ್ರೀಫೇಸ್ 5ಕ್ಕೆ ಇಳಿಯಿತು, ಉತ್ತರ ಪ್ರದೇಶ, ಪಂಜಾಬಿನಿಂದ ವಿನಿಮಯದ ಮೇಲೆ ವಿದ್ಯುತ್ ತರಬೇಕಾಯ್ತು. ಅಂಥ ವರ್ಷ ಬಂದಾಗ ನೂರಕ್ಕೆ ಎಪ್ಪತ್ತು ಪೋಲು ಮಾಡೋ ಪಂಪುಗಳು ಇರೋ ನಾಡಿಗೂ, ಅಷ್ಟೇ ನೀರನ್ನು ಮೂರನೇ ಎರಡರಷ್ಟು ಕರೆಂಟಿನಲ್ಲಿ ಎತ್ತೋ ನಾಡಿಗೂ ಎಷ್ಟು ವ್ಯತ್ಯಾಸ ಅಂತ ಒಣಗಿದ ಬೆಳೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು "ನನಗೇನು" ಅನ್ನೋದಕ್ಕೆ. ನಿಮ್ಮ ಮೋಟಾರ್ ಸುಟ್ಟಿದ್ದು ಯಾಕೆ? ನಿಮ್ಮ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಮಧ್ಯಾಹ್ನ 330 ವೋಲ್ಟ್ ಬರುತ್ತೆ ಅಂತ ನೀವೇ ಬರೆದಿದ್ದೀರಿ. ವೋಲ್ಟೇಜ್ ಕುಸಿದಾಗ ಅದೇ ಹೊರೆ ಎಳೆಯೋಕೆ ಮೋಟಾರ್ ಹೆಚ್ಚು ಆಂಪ್ಸ್ ತಗೊಳ್ಳುತ್ತೆ, ವೈಂಡಿಂಗ್ ಕಾಯುತ್ತೆ. ತಂತಿಯಲ್ಲಿ ಆಗೋ ನಷ್ಟ ಆಂಪ್ಸಿನ ವರ್ಗದಷ್ಟು ಏರುತ್ತೆ. 9ರ ಬದಲು ಎಲ್ಲರೂ 6 ಎಳೆದರೆ ಆ ಲೈನಿನ ನಷ್ಟ ಅರ್ಧಕ್ಕಿಂತ ಕೆಳಗೆ ಬರುತ್ತೆ, ವೋಲ್ಟೇಜೂ ಏರುತ್ತೆ. ನಮ್ಮ ಟಿಸಿಯಲ್ಲಿ 14 ಪಂಪುಗಳಿವೆ. 9 ಜನ ಒಪ್ಪಿ ಲೈನಿನಿಂದ ಎಳೆಯೋ ಆಂಪ್ಸ್ ಕಮ್ಮಿ ಮಾಡೋ ಕೆಪಾಸಿಟರನ್ನು 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರಿನ ಅಳತೆ) ಲೆಕ್ಕದಲ್ಲಿ ಹಾಕಿಸಿದ್ವಿ. ಆಟೋ ಸ್ಟಾರ್ಟರ್ ಇದ್ದವರು ಟೈಮರ್ ಕೂರಿಸಿ, ಕರೆಂಟು ಬಂದ ಕೂಡಲೇ ಎಲ್ಲ ಒಟ್ಟಿಗೆ ಏಳದಂತೆ ಮೂರು ಮೂರು ನಿಮಿಷ ಅಂತರ ಕೊಟ್ಟರು. ಮೊದಲು ವರ್ಷಕ್ಕೊಮ್ಮೆಯಾದರೂ ಸುಡ್ತಿದ್ದ ಟಿಸಿ ಎರಡು ವರ್ಷದಿಂದ ಗಟ್ಟಿಯಾಗಿ ನಿಂತಿದೆ. ಒಪ್ಪಿಸೋಕೆ ನಾಲ್ಕು ತಿಂಗಳು ಮನೆ ಮನೆ ಅಲೆದೆ, ಅದು ನಿಜ.

ಹಾಗಾಗಿ ನಿಮಗೆ ನನ್ನ ಸಲಹೆ: ಮೂರನೇ ರೀವೈಂಡಿಂಗ್ ತನಕ ಕಾಯಬೇಡಿ. ಹೊಸದು ತರುವಾಗ ಎಚ್‌ಪಿ ಹೇಳಿ ಕೇಳಬೇಡಿ, "ಓಡುವಾಗಿನ ನೀರಿನ ಮಟ್ಟ ಇಷ್ಟು, ತೋಟದ ಏರು ಇಷ್ಟು, ಡ್ರಿಪ್ಪಿನ ಒತ್ತಡ ಇಷ್ಟು, ಸೆಕೆಂಡಿಗೆ ಇಷ್ಟು ಲೀಟರ್ ಬೇಕು" ಅಂತ ಹೇಳಿ, ಯಾವ ಎತ್ತರಕ್ಕೆ ಎಷ್ಟು ನೀರು ಅಂತ ಬರೆದಿರೋ ಪಂಪಿನ ಚಾರ್ಟ್ ತೋರಿಸೋಕೆ ಕೇಳಿ. ನಿಮ್ಮ ಹೆಡ್ಡಿಗೆ ಸರಿಹೊಂದೋ 3 ಸ್ಟಾರ್ ಪಂಪು, ಹೊಂದದ 5 ಸ್ಟಾರಿಗಿಂತ ಮೇಲು. ನಿಮ್ಮ ಪ್ರಶ್ನೆಗೆ ಇಲ್ಲಿ ಇನ್ಯಾರೋ ಸೋಲಾರ್ ಹಾಕಿಸಿ ಅಂದಿದ್ದಾರೆ, ಹಾಕಿಸಿ, ಆದರೆ ಮೊದಲು ಪಂಪು ಸರಿಯಾಗಲಿ, ಪ್ಯಾನೆಲ್ಲೂ ಕಮ್ಮಿ ಸಾಕಾಗುತ್ತೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಒಳ್ಳೇ ಪಂಪು ಬಂತು ಅಂತ ಹೆಚ್ಚು ನೀರು ಎಳೆದರೆ ಬೋರ್ ಬತ್ತುತ್ತೆ, ಉಳಿತಾಯವೂ ಇರಲ್ಲ. ಬುಡಕ್ಕೆ ಸೋಗೆ ಮುಚ್ಚಿ, ಡ್ರಿಪ್ ಫಿಲ್ಟರ್ ವಾರಕ್ಕೊಮ್ಮೆ ತೊಳೆಯಿರಿ, ಗಂಟೆ ಕಮ್ಮಿ ಮಾಡಿ.

ಈ ಭಾನುವಾರ ಡ್ರಮ್ ಇಟ್ಟು ನೋಡಿ ಅಣ್ಣ. ಸೆಕೆಂಡು, ನೀರಿನ ಮಟ್ಟ, ವೋಲ್ಟ್, ಆಂಪ್ಸ್ ನಾಲ್ಕನ್ನೂ ಇಲ್ಲೇ ಹಾಕಿ, ಎಷ್ಟು ಸ್ಟೇಜ್ ಬೇಕಾಗುತ್ತೆ ಅಂತ ಕೂತು ಲೆಕ್ಕ ಹಾಕೋಣ.