ಸೋತ ದಿನದ ಪುಟವನ್ನು ಓದಿಸಿ

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಬ್ಯಾಡ್ಮಿಂಟನ್ ಆಡುತ್ತಾಳೆ. ಸೋತರೆ ಊಟ ಸೇರುವುದಿಲ್ಲ, ಬ್ಯಾಟ್ ಮುಟ್ಟುವುದಿಲ್ಲ. ಮನಸ್ಸು ಗಟ್ಟಿಯಾಗಲು ಯಾವ ಪುಸ್ತಕ ಕೊಡಿಸಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಗೆಲುವಿನ ಸೂತ್ರ ಹೇಳುವ ಪುಸ್ತಕ ಬೇಡವೇ ಬೇಡ ತಾಯಿ. ಈ ವಯಸ್ಸಿಗೆ ಉಪದೇಶ ರುಚಿಸುವುದಿಲ್ಲ. ಸೋಲನ್ನು ಮುಚ್ಚಿಡದೆ ಬರೆದ ಆಟಗಾರರ ಆತ್ಮಕಥೆ ಕೊಡಿಸಿ. ಶೂಟಿಂಗ್ ಪಟು ಅಭಿನವ್ ಬಿಂದ್ರಾ 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಏಳನೆಯವರಾದರು. ಆಮೇಲೆ ಬೆನ್ನುನೋವು, 2006ರ ಏಷ್ಯನ್ ಕ್ರೀಡಾಕೂಟವೂ ಕೈತಪ್ಪಿತು. ಚಿನ್ನ ಬಂದದ್ದು 2008ರ ಬೀಜಿಂಗ್‌ನಲ್ಲಿ. ಮಕ್ಕಳು ಪದಕದ ಚಿತ್ರವನ್ನಷ್ಟೇ ನೋಡಿರುತ್ತಾರೆ. ನಡುವಿನ ಆ ವರ್ಷಗಳನ್ನು ಓದಬೇಕು.

ನಾನು ಮೈಸೂರಿನಲ್ಲಿ ದೈಹಿಕ ಶಿಕ್ಷಕನಾಗಿದ್ದಾಗ ಹುಡುಗಿಯೊಬ್ಬಳು ಸೋತ ಪ್ರತಿ ಪಂದ್ಯದ ನಂತರ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು: ‘ಹಿಂದಿನ ಮೂಲೆಯ ಶಟಲ್‌ಗೆ ಬಲಗಾಲು ತಡವಾಯಿತು.’ ‘ನಾನು ದಡ್ಡಿ’ ಎಂದು ಒಮ್ಮೆಯೂ ಬರೆದವಳಲ್ಲ. ನಿಮ್ಮ ಮಗಳಿಗೂ ಅಂಥದ್ದೊಂದು ನೋಟ್‌ಬುಕ್ ಕೊಡಿ. ಅದನ್ನು ನೀವು ತೆರೆದು ನೋಡಬೇಡಿ.

ಇಂತಹ ಆತ್ಮಕಥೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಅವಳಿಗೆ ಕಷ್ಟವೆನಿಸಿದರೆ ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ನಾಲ್ಕು ಪುಟ ಓದಿ, ಕನ್ನಡದಲ್ಲಿ ಮಾತಾಡಿಕೊಳ್ಳಿ. ಪಂದ್ಯ ಸೋತ ರಾತ್ರಿ ಮಾತ್ರ ಪುಸ್ತಕ ತೆಗೆಯಬೇಡಿ. ಅಂದು ಅವಳಿಗೆ ನಿದ್ದೆ ಬೇಕು.