ಸಂಪಾದಕರ ಉತ್ತರ: ಆ ಖಳ ಸಮುದ್ರದ ತಳದಲ್ಲೇ ಯಾಕೆ ಕೂತಿದ್ದಾನೆ?

ಉಡುಪಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಮೂವರು ಗೆಳೆಯರು ಸೇರಿ ಒಂದು ಫ್ಯಾಂಟಸಿ ಗೇಮ್ ಮಾಡುತ್ತಿದ್ದಾರಂತೆ. ಕಡಲ ದಡದಲ್ಲೊಂದು ಹಳ್ಳಿ, ಸುತ್ತಮುತ್ತ ಏಳೆಂಟು ಸಣ್ಣ ರಾಜ್ಯಗಳು, ಸಮುದ್ರದ ತಳದಲ್ಲಿ ಒಬ್ಬ ಖಳ. ಅವನ ಅರಮನೆಯ ಚಿತ್ರಗಳೆಲ್ಲ ಬರೆದಾಗಿದೆ. ಅಷ್ಟರಲ್ಲಿ ಮೂವರಲ್ಲಿ ಒಬ್ಬ ಬಾಯಿ ತೆರೆದಿದ್ದಾನೆ. "ಅವನು ಅಲ್ಲೇ ಯಾಕಿರಬೇಕು? ನೆಲದ ಮೇಲೆ ಕೋಟೆ ಕಟ್ಕೊಳ್ಳೋಕೆ ಏನು ರೋಗ? ಅಲ್ಲಿ ಆಳೋಕೆ ಯಾರಿದ್ದಾರೆ? ಊಟಕ್ಕೇನು ಮಾಡ್ತಾನೆ?" ಉತ್ತರ ಹೊಳೆಯದೆ ಎರಡು ವಾರದಿಂದ ಕೆಲಸ ನಿಂತಿದೆ. "ಚೆನ್ನಾಗಿ ಕಾಣುತ್ತೆ ಅಂತ ಸುಮ್ನೆ ಹಾಕಿದ್ವಿ ಸಾರ್, ಈಗ ಅವನನ್ನ ಮೇಲಕ್ಕೆ ತರಬೇಕಾ?" ಅಂತ ಕೇಳಿದ್ದಾರೆ.

ತರಬೇಡಿ. ಅಲ್ಲೇ ಇರಲಿ. ಆದರೆ ಆ ಗೆಳೆಯನನ್ನೂ ಕೈಬಿಡಬೇಡಿ. ಊಟಕ್ಕೇನು ಮಾಡ್ತಾನೆ ಅನ್ನೋದು ನಿಮ್ಮ ಪತ್ರದಲ್ಲಿರುವ ಅತ್ಯಂತ ಒಳ್ಳೆಯ ಪ್ರಶ್ನೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನನಗೆ ತೋಚುವುದು ಇಷ್ಟು. ಖಳ ಸಮುದ್ರದ ಕೆಳಗೆ ಯಾಕಿದ್ದಾನೆ ಅಂತ ತಲೆ ಕೆಡಿಸಿಕೊಂಡರೆ ದಾರಿ ಸಿಗುವುದಿಲ್ಲ. ಅವನು ಮೇಲೆ ಯಾಕೆ ಬರುತ್ತಿಲ್ಲ ಅಂತ ಕೇಳಿಕೊಳ್ಳಿ. ತಕ್ಷಣ ಕತೆ ಹುಟ್ಟುತ್ತದೆ. ಯಾರೋ ಮುಳುಗಿಸಿರಬೇಕು, ಇಲ್ಲ ಯಾರೋ ಬೀಗ ಹಾಕಿರಬೇಕು, ಇಲ್ಲವೇ ಅವನೇ ಮೊದಲಿಂದ ಅಲ್ಲಿನವನಾಗಿರಬೇಕು, ನಾವು ನೆಲದವರು ನಿನ್ನೆ ಮೊನ್ನೆ ಬಂದವರು.

ಬೀಗ ಹಾಕಿದ್ದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ನಿಂಟೆಂಡೊದವರ 'ದಿ ವಿಂಡ್ ವೇಕರ್', ಜೆಲ್ಡಾ ಅನ್ನುವ ಸರಣಿಯ 2002ರ ವಿಡಿಯೊ ಗೇಮ್. ಅದರಲ್ಲಿ ನೀವು ಗಂಟೆಗಟ್ಟಲೆ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿರುತ್ತೀರಿ. ಬಿಸಿಲು, ಗಾಳಿ, ಹಕ್ಕಿ, ಎಲ್ಲ ಹಬ್ಬದ ಹಾಗೆ. ಅರ್ಧ ಆಟ ಮುಗಿದ ಮೇಲೆ ದೋಣಿ ಸಮೇತ ನೀರಿನೊಳಗೆ ಇಳಿಯುತ್ತೀರಿ. ಕೆಳಗೆ ಒಂದು ಅರಮನೆ. ಬಣ್ಣವೇ ಇಲ್ಲ, ಹಳೇ ಫೋಟೋ ತರಹ ಬರೀ ಕಪ್ಪು ಬಿಳುಪು. ಹಜಾರದಲ್ಲಿ ರಾಕ್ಷಸರು ಆಯುಧ ಹಿಡಿದವರು ಹಿಡಿದ ಹಾಗೇ ನಿಂತುಬಿಟ್ಟಿದ್ದಾರೆ, ಒಬ್ಬರೂ ಅಲ್ಲಾಡುವುದಿಲ್ಲ. ನೀವು ಅವರ ಮಧ್ಯೆ ನಡೆದುಕೊಂಡು ಹೋಗಿ, ಕೆಳಗಿನ ಕೋಣೆಯಲ್ಲಿ ನೆಟ್ಟಿರುವ ಕತ್ತಿಯನ್ನು ಎಳೆಯುತ್ತೀರಿ. ಬಣ್ಣ ವಾಪಸ್ ಬರುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಆ ರಾಕ್ಷಸರೂ ಎದ್ದಿರುತ್ತಾರೆ.

ಆಗ ಗೊತ್ತಾಗುತ್ತದೆ, ಇಷ್ಟು ದಿನ ನೀವು ಸುತ್ತಿದ ದ್ವೀಪಗಳೆಲ್ಲ ಮುಳುಗಿದ ಒಂದು ರಾಜ್ಯದ ಬೆಟ್ಟದ ತುದಿಗಳು. ಗ್ಯಾನನ್ ಅನ್ನುವ ಖಳನನ್ನು ತಡೆಯಲು ಬೇರೆ ದಾರಿ ಕಾಣದೆ, ದೇವತೆಗಳು ಅವನ ಜೊತೆ ಇಡೀ ರಾಜ್ಯವನ್ನೇ ಮುಳುಗಿಸಿದ್ದರು. ಇಡೀ ಸಮುದ್ರವೇ ಒಂದು ಬೀಗ! ನೀವು ಎಳೆದ ಆ ಕತ್ತಿಯೂ ಬೀಗದ್ದೇ ಒಂದು ಭಾಗ. ಅಂದರೆ ಬಾಗಿಲು ತೆರೆದವರು ನೀವೇ. ನಿಮ್ಮ ಗೆಳೆಯನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಯಾವ ಗೇಮಿನಲ್ಲೂ ನೋಡಿಲ್ಲ.

ಇನ್ನು ಮುಳುಗಿದವರ ಕತೆ. ಅಮೆರಿಕದವರ ಆನ್‌ಲೈನ್ ಗೇಮ್ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ಅಜ್ಷರಾ ಎಲ್ಫ್‌ಗಳ ರಾಣಿ, ಸೊಕ್ಕಿನ ಹೆಂಗಸು. ಹತ್ತು ಸಾವಿರ ವರ್ಷದ ಹಿಂದೆ ಭೂಮಿಯೇ ಒಡೆದು ಅವಳ ರಾಜಧಾನಿ ಕಡಲ ಪಾಲಾಗುತ್ತದೆ. ಉಸಿರು ಕಟ್ಟುತ್ತಿರುವಾಗ ತಳದಲ್ಲಿದ್ದ ಹಳೆಯ ದುಷ್ಟದೇವತೆಯೊಂದು ಬಂದು, ನನ್ನ ಸೇವಕಿಯಾಗು, ಉಳಿಸುತ್ತೇನೆ ಅನ್ನುತ್ತದೆ. ಇವಳು ಸಾಯುವ ಗಳಿಗೆಯಲ್ಲೂ ಚೌಕಾಸಿಗೆ ನಿಲ್ಲುತ್ತಾಳೆ. ಆದರೆ ರಾಣಿಯಾಗೇ ಇರುತ್ತೇನೆ, ಸೇವಕಿ ಗೀವಕಿ ಆಗಲ್ಲ. ಕೊನೆಗೆ ಅದೇ ಒಪ್ಪುತ್ತದೆ. ಅವಳೂ ಅವಳ ಜನವೂ ಹಾವಿನ ಮೈಯವರಾಗಿ ಅಲ್ಲೇ ಉಳಿಯುತ್ತಾರೆ. "ಅಲ್ಲಿ ಆಳೋಕೆ ಯಾರಿದ್ದಾರೆ" ಅಂದಿರಲ್ಲ, ಮುಳುಗಿದ ಊರಿನ ಜನವೇ ಇದ್ದಾರೆ.

ಮೂರನೆಯ ಜಾತಿ, ಮೊದಲಿಂದ ಅಲ್ಲೇ ಇರುವವರು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಮೇಜಿನ ಸುತ್ತ ಕೂತು ಕತೆ ಕಟ್ಟುತ್ತಾ ಆಡುವ ಆಟದಲ್ಲಿ 1981ರಿಂದ ಅಬೊಲೆತ್ ಅಂತ ಒಂದು ಪ್ರಾಣಿ ಇದೆ. ಮೀನಿನ ಹಾಗೆ ಕಾಣುತ್ತದೆ, ಮೂರು ಕಣ್ಣು, ಮೈಯೆಲ್ಲ ಲೋಳೆ. ತಲೆತಲಾಂತರದ ನೆನಪು ಅದಕ್ಕೆ ಹುಟ್ಟಿನಿಂದಲೇ ಬರುತ್ತದೆ, ಹಾಗಾಗಿ ದೇವರುಗಳು ಹುಟ್ಟುವ ಮೊದಲು ಲೋಕವನ್ನು ಆಳಿದವರು ತಾವೇ ಅನ್ನುವುದನ್ನು ಅದು ಮರೆತಿಲ್ಲ. ನನಗೆ ಇಷ್ಟವಾಗಿದ್ದು ಅದರ ಲೋಳೆ. ಅದು ತಗುಲಿದವನು ನೀರಿನಲ್ಲಿ ಉಸಿರಾಡಬಲ್ಲ. ಖುಷಿಯಾಯ್ತಲ್ಲ? ಆದರೆ ಗಾಳಿಯಲ್ಲಿ ಉಸಿರಾಡಲಾರ! ಮನೆಗೆ ಹೋಗಬೇಕೆಂದರೂ ಹೋಗುವ ಹಾಗಿಲ್ಲ. ಕಾವಲು ಬೇಡ, ಸರಪಳಿ ಬೇಡ. ಇಷ್ಟು ಸಣ್ಣ ನಿಯಮದಿಂದ ಇಷ್ಟು ದೊಡ್ಡ ಭಯ ಹುಟ್ಟಿಸಿದ್ದಾರೆ ನೋಡಿ.

ಸರಿ, ಕಾರಣ ಸಿಕ್ಕಿತು ಅಂದುಕೊಳ್ಳೋಣ. ನಿಜವಾದ ತಲೆನೋವು ಈಗ ಶುರು. ಆಟಗಾರ ಅಲ್ಲಿಗೆ ಹೋಗೋದು ಹೇಗೆ? ನೀರಿನೊಳಗಿನ ಲೆವೆಲ್ ಅಂದರೆ ಮೂಗು ಮುರಿಯೋರೇ ಜಾಸ್ತಿ, ನಾನೂ ಅವರಲ್ಲಿ ಒಬ್ಬ. ಅದೇ ಜೆಲ್ಡಾ ಸರಣಿಯ 1998ರ 'ಆಕರಿನಾ ಆಫ್ ಟೈಮ್'ನ ನೀರಿನ ದೇಗುಲ ಆಡಿದವರನ್ನು ಕೇಳಿ. ತಳಕ್ಕೆ ಇಳಿಯಲು ಕಬ್ಬಿಣದ ಬೂಟು ಹಾಕಬೇಕು, ತೇಲಲು ಬಿಚ್ಚಬೇಕು. ಹಾಕೋದಕ್ಕೂ ಬಿಚ್ಚೋದಕ್ಕೂ ಪ್ರತಿ ಸಲ ಆಟ ನಿಲ್ಲಿಸಿ ಮೆನು ತೆರೆಯಬೇಕು. ಒಂದು ಸಂಜೆ ಪೂರ್ತಿ ನಾನು ಬೂಟು ಬಿಚ್ಚಿ ಹಾಕಿದ್ದೇ ಆಯಿತು, ಖಳನ ಮೇಲೆ ಸಿಟ್ಟು ಬರೋದು ಬಿಟ್ಟು ಬೂಟಿನ ಮೇಲೆ ಬಂತು. 2011ರಲ್ಲಿ ಅದೇ ಗೇಮನ್ನು ಮತ್ತೆ ತಂದಾಗ ಒಂದು ಗುಂಡಿ ಒತ್ತಿದರೆ ಬೂಟು ಬದಲಾಗುವ ಹಾಗೆ ಮಾಡಿದರು.

ವಾರ್‌ಕ್ರಾಫ್ಟ್‌ನವರಿಗೂ ಇದೇ ಪಾಠವಾಯಿತು. 2010ರಲ್ಲಿ ವಾಶ್‌ಜಿರ್ ಅಂತ ಇಡೀ ಪ್ರದೇಶವನ್ನೇ ಕಡಲೊಳಗೆ ಕಟ್ಟಿದರು. ನೀರಿನಲ್ಲಿ ಉಸಿರಾಡುವ ವರ ಕೊಟ್ಟರು, ಸವಾರಿಗೆ ಕಡಲಕುದುರೆ ಕೊಟ್ಟರು. ಆದರೂ ಶತ್ರು ಮೇಲಿದ್ದಾನೋ ಕೆಳಗಿದ್ದಾನೋ ತಿಳಿಯದೆ ಜನ ಗೊಣಗಿದ್ದೇ ಗೊಣಗಿದ್ದು. 2019ರಲ್ಲಿ ಅಜ್ಷರಾಳ ಊರಿಗೆ ಆಟಗಾರರನ್ನು ಕರೆಸುವಾಗ ಏನು ಮಾಡಿದರು ಗೊತ್ತಾ? ಅವಳ ಕೈಯಲ್ಲೇ ಸಮುದ್ರವನ್ನು ಸೀಳಿಸಿದರು. ಆ ಆಟದಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾದ ಎರಡು ಸೈನ್ಯಗಳಿವೆ, ಮೇಲೆ ಬರುತ್ತಿದ್ದ ಎರಡೂ ಕಡೆಯ ಹಡಗುಗಳು ಆ ಹಳ್ಳಕ್ಕೆ ದುಡುದುಡು ಬೀಳುತ್ತವೆ. ಸುತ್ತ ನೀರಿನ ಗೋಡೆ, ಕಾಲ ಕೆಳಗೆ ಒದ್ದೆ ಹವಳ, ಆಟಗಾರ ಆರಾಮಾಗಿ ನಡೆಯುತ್ತಾನೆ. ಜಾಣತನ ಅಂದರೆ ಇದು.

ಸಮುದ್ರ ಖಾಲಿ ಮಾಡಿ ಖಳನನ್ನು ಹಿಡಿಯುವ ಉಪಾಯ ಅಮೆರಿಕದವರು ಕಂಡುಹಿಡಿದದ್ದೇನಲ್ಲ ಬಿಡಿ. ವನಪರ್ವದ ಕಾಲೇಯರನ್ನು ನೆನಪಿಸಿಕೊಳ್ಳಿ. ವೃತ್ರ ಸತ್ತ ಮೇಲೆ ಅವನ ಕಡೆಯ ಈ ಅಸುರರು ಕಡಲೊಳಗೆ ಅಡಗುತ್ತಾರೆ. ಹಗಲು ನೀರಿನಲ್ಲಿ, ರಾತ್ರಿ ದಡದಲ್ಲಿ. ಚ್ಯವನರ ಆಶ್ರಮದಲ್ಲಿ 100 ಜನ, ಭರದ್ವಾಜರ ಆಶ್ರಮದಲ್ಲಿ 20 ಜನ ಸಾಯುತ್ತಾರೆ. ಬೆಳಗಾದರೆ ಹೆಣಗಳಿವೆ, ಕೊಂದವರ ಸುಳಿವಿಲ್ಲ. ದೇವತೆಗಳಿಗೇ ಮೊದಲು ಗೊತ್ತಾಗುವುದಿಲ್ಲ. ಕೊನೆಗೆ ಅಗಸ್ತ್ಯರು ಸಮುದ್ರವನ್ನು ಕುಡಿದುಬಿಡುತ್ತಾರೆ, ಅಡಗಲು ಜಾಗವಿಲ್ಲದೆ ಕಾಲೇಯರು ಸಿಕ್ಕಿಬೀಳುತ್ತಾರೆ. ಆಮೇಲಿನ ಭಾಗ ಇನ್ನೂ ಚೆನ್ನ. ಈಗ ನೀರು ವಾಪಸ್ ಬಿಡಿ ಸ್ವಾಮಿ ಅಂದರೆ, ಜೀರ್ಣವಾಗಿಹೋಯಿತು ಅನ್ನುತ್ತಾರೆ! ಭಗೀರಥ ಗಂಗೆಯನ್ನು ತರುವ ತನಕ ಸಮುದ್ರ ಒಣಗಿಯೇ ಇತ್ತು. ಗೆದ್ದದ್ದಕ್ಕೆ ಇಂಥ ಬೆಲೆ ಇರಬೇಕು. ನಿಮ್ಮ ಆಟದಲ್ಲಿ ನೀರು ಬತ್ತಿಸಿದರೆ ಆ ಹಳ್ಳಿಯ ಮೀನುಗಾರರ ಗತಿ ಏನು ಅಂತಲೂ ತೋರಿಸಿ. (ಅಂದ ಹಾಗೆ, ಉಳಿದ ಕೆಲವು ಕಾಲೇಯರು ನೆಲ ಸೀಳಿಕೊಂಡು ಪಾತಾಳಕ್ಕೆ ಓಡುತ್ತಾರೆ. ಎರಡನೇ ಭಾಗಕ್ಕೆ ದಾರಿ ಆಗಲೇ ಬಿಟ್ಟಿದ್ದರು.)

ಇನ್ನೊಂದು ಉಪಾಯವಿದೆ, ಅದನ್ನು ಯಾವ ಗೇಮಿನವರೂ ಸರಿಯಾಗಿ ಬಳಸಿಕೊಂಡ ಹಾಗೆ ನನಗೆ ಕಂಡಿಲ್ಲ. ಇಳಿಯಲೇಬೇಡಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದಾಗ ಭೀಮ ನೀರಿಗೆ ಧುಮುಕಿದನಾ? ಇಲ್ಲ. ದಡದಲ್ಲಿ ನಿಂತು ಗರ್ಜಿಸಿದ. ಆ ಸದ್ದು ಕೇಳಿ ದುರ್ಯೋಧನ ನೀರೊಳಗಿದ್ದೂ ಬೆವರಿದ ಅಂತ ರನ್ನ ಹೇಳುತ್ತಾನೆ. ಹತ್ತನೇ ಶತಮಾನದ ಕವಿ, ಸೌಂಡ್ ಎಫೆಕ್ಟ್ ಅಂದರೆ ಏನು ಅಂತ ಅವನಿಗೆ ಗೊತ್ತಿತ್ತು. ಖಳನಿಗೆ ಮಾನವೇ ಪ್ರಾಣವಾದರೆ ಬೈದೇ ಅವನನ್ನು ಮೇಲೆ ತರಬಹುದು. ನಿಮ್ಮ ಆಟಗಾರ ಊರೂರು ಅಲೆದು ಖಳನ ಹಳೇ ಅವಮಾನಗಳನ್ನು ಒಂದೊಂದಾಗಿ ಕಲೆಹಾಕುವುದು, ಕೊನೆಗೆ ದಡದಲ್ಲಿ ನಿಂತು ಎಲ್ಲವನ್ನೂ ಕೂಗುವುದು. ಈಜೋ ಲೆವೆಲ್ ಮಾಡೋ ಕೆಲಸವೂ ತಪ್ಪಿತು, ಅಲ್ವಾ?

ಇದಕ್ಕೆ ವಿಜ್ಞಾನವೂ ಜೊತೆಗಿದೆ. 200 ಮೀಟರ್ ಇಳಿದರೆ ಬೆಳಕು ಹೆಚ್ಚುಕಡಿಮೆ ಮುಗಿಯಿತು, 1,000 ಮೀಟರ್ ದಾಟಿದರೆ ಬಿಸಿಲು ಒಂದು ಚೂರೂ ತಲುಪುವುದಿಲ್ಲ. ಆದರೆ ಸದ್ದು ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಹಾಗಾದರೆ ನಿಮ್ಮ ಖಳನಿಗೆ ಏನೂ ಕಾಣಿಸುವುದಿಲ್ಲ, ಎಲ್ಲ ಕೇಳಿಸುತ್ತದೆ. ಯಾವ ಬಂದರಿನಲ್ಲಿ ಲಂಗರು ಬಿತ್ತು, ಯಾವ ದೋಣಿಯ ಹಲಗೆ ಕಿರುಗುಟ್ಟಿತು, ಎಲ್ಲ. ನೆಲದ ರಾಜನಿಗೆ ಪಕ್ಕದ ಎರಡು ಮೂರು ರಾಜ್ಯಗಳಷ್ಟೇ ಗಡಿ. ಕಡಲ ತಳದವನಿಗೆ ನಿಮ್ಮ ಏಳೆಂಟು ರಾಜ್ಯಗಳ ಎಲ್ಲ ಬಂದರೂ ಪಕ್ಕದ ಮನೆ. ನೆಲದ ಮೇಲೆ ಕೋಟೆ ಕಟ್ಟಿದ್ದರೆ ಈ ಅನುಕೂಲ ಎಲ್ಲಿತ್ತು?

ಉಡುಪಿಯವರು ನೀವು, ಮಳೆಗಾಲವನ್ನು ನಾನು ಹೇಳಿಕೊಡಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಿಮ್ಮ ಕತೆಯ ಹಳ್ಳಿಯಲ್ಲೂ ಹಾಗೊಂದು ಕಾಲ ಇರಲಿ. ಯಾರೂ ನೀರಿಗೆ ಇಳಿಯದ ಆ ಎರಡು ತಿಂಗಳು ದಡದ ಮೇಲೆ ಏನು ಬಂದು ಬೀಳುತ್ತದೆ, ಬಲೆ ಒಣಗಿಸುವ ಜಾಗದಲ್ಲಿ ಬೆಳಗ್ಗೆ ಯಾರ ಹೆಜ್ಜೆ ಇರುತ್ತದೆ, ಅಲ್ಲಿಂದ ಆಟ ಶುರುಮಾಡಿ. ಅರಮನೆಯ ಚಿತ್ರ ನಿಧಾನಕ್ಕೆ ತೋರಿಸಿದರೂ ನಡೆಯುತ್ತದೆ.

ಈಗ ಊಟ. ಅಂದರೆ, ಖಳನಿಗೆ ನಿಜವಾಗಿ ಏನು ಬೇಕು ಅನ್ನುವ ಪ್ರಶ್ನೆ. 'ವಿಂಡ್ ವೇಕರ್'ನ ಗ್ಯಾನನ್ ಕೊನೆಯಲ್ಲಿ ತನ್ನ ಆಸೆ ಹೇಳಿಕೊಳ್ಳುತ್ತಾನೆ. ಅವನದು ಮರುಭೂಮಿ. ಹಗಲು ಸುಡುವ ಗಾಳಿ, ರಾತ್ರಿ ಕೊರೆಯುವ ಗಾಳಿ, ಎರಡರಲ್ಲೂ ಸಾವು. ಪಕ್ಕದ ರಾಜ್ಯದ ಗಾಳಿ ಹಾಗಿರಲಿಲ್ಲ, ಆ ಗಾಳಿ ತನಗೂ ಬೇಕು ಅನ್ನಿಸಿತ್ತೇನೋ ಅನ್ನುತ್ತಾನೆ. ಲೋಕ ಆಳುವ ಮಾತು ಹೇಳುವ ನೂರು ಖಳರಿಗಿಂತ ಇವನು ನೆನಪಿನಲ್ಲಿ ಉಳಿಯೋದು ಇದಕ್ಕೇ.

ನಿಮ್ಮವನು ಒಂದು ಕಾಲಕ್ಕೆ ನೆಲದವನಾಗಿದ್ದರೆ, ನೀರಿನೊಳಗೆ ಒಲೆ ಹೊತ್ತುವುದಿಲ್ಲ ಅನ್ನುವುದನ್ನು ಯೋಚಿಸಿ. ಸಾವಿರ ವರ್ಷದಿಂದ ಬಿಸಿಯಾದದ್ದು ಅವನ ಬಾಯಿಗೆ ಬಿದ್ದಿಲ್ಲ. ಹಸಿ ಮೀನು, ಪಾಚಿ, ಉಪ್ಪು. ಅವನ ಸೇವಕರು ರಾತ್ರಿ ದಡಕ್ಕೆ ಬಂದು ಚಿನ್ನ ಬಿಟ್ಟು ಅಡುಗೆಮನೆಯ ಪಾತ್ರೆಗಳನ್ನೇ ಕದಿಯುತ್ತಾರೆ, ಯಾಕೆ ಅಂತ ಹಳ್ಳಿಯವರಿಗೆ ಗೊತ್ತಾಗುವುದಿಲ್ಲ. ಕೆಳಗೆ ಅವನ ಸಿಂಹಾಸನದ ಪಕ್ಕ ಮಸಿ ಹಿಡಿದ ಮಡಕೆಗಳ ರಾಶಿ. ದಡದ ಮನೆಯಲ್ಲಿ ಒಬ್ಬ ಅಜ್ಜಿ ಸಂಜೆ ಕುಚಲಕ್ಕಿ ಗಂಜಿಗೆ ಬೆಂಕಿ ಹಾಕುತ್ತಾಳೆ, ಅನ್ನ ಕುದಿಯುವ ಸದ್ದು ನೆಲದಿಂದ ಮರಳಿಗೆ, ಮರಳಿಂದ ನೀರಿಗೆ ಇಳಿದು ಅವನ ಕಿವಿಗೆ ಬೀಳುತ್ತದೆ.

ಇದನ್ನು ಆ ಗೆಳೆಯನಿಗೆ ಓದಿ ಹೇಳಿ. ಅವನು ಮತ್ತೇನಾದರೂ ಕೇಳಿದರೆ ಬರೆಯಿರಿ. ಬೂಟನ್ನು ಮಾತ್ರ ಮೆನುವಿನಲ್ಲಿ ಇಡಬೇಡಿ.

ಸಂ.