ಮೆಸೇಜ್ ಕಳಿಸಿದ್ದಕ್ಕೆ ಜೈಲಾ? ಅಲ್ಲ, ಸ್ವಲ್ಪ ಕೇಳಿ

ಅಮೆರಿಕದ ಮಿಶೆಲ್ ಕಾರ್ಟರ್ ಎಂಬ ಹುಡುಗಿ ತನ್ನ ಗೆಳೆಯನಿಗೆ ಆತ್ಮಹತ್ಯೆಗೆ ಹುರಿದುಂಬಿಸುವ ಮೆಸೇಜ್ ಕಳಿಸಿದಳು, ಅವನು ಸತ್ತ, ಅವಳ ಮೇಲೆ ಕೇಸ್ ಆಯಿತು. ಆ ಕೇಸಿನ ಬಗ್ಗೆ ಎಚ್‌ಬಿಒ 2019ರಲ್ಲಿ ತಂದ ಡಾಕ್ಯುಮೆಂಟರಿಯ ಹೆಸರು 'ಐ ಲವ್ ಯೂ, ನೌ ಡೈ'. ಅದನ್ನು ನೋಡಿದವರು ನನಗೆ ಬರೆಯುವ ಪ್ರಶ್ನೆಗಳು ಬಹುತೇಕ ಒಂದೇ. ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಒಟ್ಟಿಗೇ ಇಲ್ಲಿ ಹೇಳಿಬಿಡುತ್ತೇನೆ.

ಪ್ರಶ್ನೆ: ಹುಡುಗ ತಾನಾಗೇ ಸತ್ತ. ಅವಳು ಬೇರೆ ಊರಿನಲ್ಲಿದ್ದಳು. ಬರೀ ಮೆಸೇಜ್ ಕಳಿಸಿದ್ದಕ್ಕೆ ಕೊಲೆ ಕೇಸ್ ಹಾಕೋದು ಅನ್ಯಾಯ ಅಲ್ವಾ?

ಕೊಲೆ ಕೇಸ್ ಹಾಕಿದ್ದು ಯಾರು? ಯಾರೂ ಅಲ್ಲ. ಆರೋಪ ಇದ್ದದ್ದು 'ಇನ್‌ವಾಲಂಟರಿ ಮ್ಯಾನ್‌ಸ್ಲಾಟರ್'. ಇದಕ್ಕೆ ಕೊಲ್ಲುವ ಉದ್ದೇಶ ಬೇಕಿಲ್ಲ. ಜೀವ ಹೋಗಬಹುದು ಅಂತ ಗೊತ್ತಿದ್ದೂ ಕ್ಯಾರೇ ಅನ್ನದೆ ನಡೆದುಕೊಂಡರೆ ಸಾಕು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆತ್ಮಹತ್ಯೆಗೆ ಪ್ರಚೋದನೆ ಅಂತ ಪ್ರತ್ಯೇಕ ಕಾನೂನೇ ಇರಲಿಲ್ಲ. ಹಾಗಾಗಿ ಸರ್ಕಾರದ ವಕೀಲರು ಈ ಹಳೆಯ ಅಪರಾಧವನ್ನೇ ಹಿಡಿದರು.

ಈಗ ಮೆಸೇಜ್ ವಿಷಯಕ್ಕೆ ಬನ್ನಿ. ಪರದೆ ತುಂಬ ಒಂದರ ಹಿಂದೆ ಒಂದು ಮೆಸೇಜ್ ಬರುತ್ತವೆ, ನೋಡುವವರ ರಕ್ತ ಕುದಿಯುತ್ತದೆ. ಆದರೆ 2017ರ ಜೂನ್‌ನಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ಲಾರೆನ್ಸ್ ಮೊನಿಜ್ ಆ ಮೆಸೇಜ್‌ಗಳಿಂದಲೇ ಸಾವು ಸಂಭವಿಸಿತು ಅಂತ ಹೇಳಲಿಲ್ಲ. ಹುಡುಗನಿಗೆ ಸಾಯುವ ಯೋಚನೆ ಮೊದಲೇ ಇತ್ತು, ಹಿಂದೆಯೂ ಪ್ರಯತ್ನಿಸಿದ್ದ, ಈ ಸಲದ ತಯಾರಿಯನ್ನೂ ಅವನೇ ಮಾಡಿಕೊಂಡಿದ್ದ. ಅಲ್ಲಿಯವರೆಗಿನದು ಅವನದೇ ನಿರ್ಧಾರ ಎಂದು ಅವರು ಒಪ್ಪಿದರು.

ಇಡೀ ತೀರ್ಪು ನಿಂತದ್ದು ಒಂದು ಫೋನ್ ಮಾತಿನ ಮೇಲೆ. 2014ರ ಜುಲೈ, ಫೇರ್‌ಹೇವನ್ ಎಂಬ ಊರು. ಹುಡುಗ ಹೆದರಿ, ಸಾಯಲೆಂದು ಕೂತಿದ್ದ ತನ್ನ ಟ್ರಕ್‌ನಿಂದ ಹೊರಗೆ ಬಂದ. ಬಂದನಲ್ಲ, ಆ ಕ್ಷಣಕ್ಕೆ ಅವನು ಬದುಕುವ ಕಡೆ ತಿರುಗಿದ್ದ. ಆಗ ಅವಳು ಫೋನಿನಲ್ಲಿ ಮತ್ತೆ ಒಳಗೆ ಹೋಗು ಅಂದಳು. ಆಮೇಲೆ ಅವನ ಮನೆಯವರಿಗೆ ಹೇಳಲಿಲ್ಲ, ಪೊಲೀಸರಿಗೆ ಹೇಳಲಿಲ್ಲ, 'ಹೊರಗೆ ಬಾ' ಅಂತ ಅವನಿಗೂ ಹೇಳಲಿಲ್ಲ. ನ್ಯಾಯಾಧೀಶರು ತಪ್ಪಿತಸ್ಥೆ ಎಂದದ್ದು ಇದಕ್ಕೆ. ಅಪಾಯಕ್ಕೆ ತಳ್ಳಿದವರಿಗೆ ಅದರಿಂದ ಎತ್ತುವ ಹೊಣೆಯೂ ಇರುತ್ತದೆ. ದಾರಿಹೋಕರಿಗೆ ಆ ಹೊಣೆ ಇಲ್ಲ, ಅವಳಿಗಿತ್ತು.

ಈ ತರ್ಕ ನನಗೆ ಒಪ್ಪಿಗೆ. ನನಗೆ ಕಸಿವಿಸಿಯಾಗುವುದು ಸಾಕ್ಷ್ಯದಲ್ಲಿ, ಮತ್ತು ಅದರ ಬಗ್ಗೆ ಒಬ್ಬರೂ ಕೇಳುವುದಿಲ್ಲ! ಆ ಕರೆಯ ರೆಕಾರ್ಡಿಂಗ್ ಇಲ್ಲ. ಆ ಸಂಜೆ ಇಬ್ಬರ ನಡುವೆ 40 ನಿಮಿಷ ದಾಟಿದ ಎರಡು ಕರೆಗಳಿದ್ದವು ಅಂತ ಫೋನ್ ದಾಖಲೆ ಹೇಳುತ್ತದೆ. ಏನು ಮಾತಾಡಿದರು ಅಂತ ಹೇಳುವುದಿಲ್ಲ. 'ಒಳಗೆ ಹೋಗು ಅಂದೆ' ಅನ್ನುವುದು ನಮಗೆ ಗೊತ್ತಾಗಿದ್ದು ಎರಡು ತಿಂಗಳ ನಂತರ, ಅವಳೇ ಒಬ್ಬ ಗೆಳತಿಗೆ ಕಳಿಸಿದ ಮೆಸೇಜ್‌ನಿಂದ. ಸ್ನೇಹಕ್ಕೆ ಹಾತೊರೆಯುತ್ತಿದ್ದ ಹುಡುಗಿ, ಗಮನ ಸೆಳೆಯಲು ಏನೇನೋ ಬರೆಯುತ್ತಿದ್ದಳು ಎಂಬುದು ಆ ಕೇಸಿನಲ್ಲೇ ಬಂದ ಮಾತು. ಆ ಒಂದು ಮೆಸೇಜ್ ನಿಜ ಅಂತ ನಂಬಿದರೆ ಶಿಕ್ಷೆ, ನಂಬದಿದ್ದರೆ ಬಿಡುಗಡೆ. ಡಿಫೆನ್ಸ್ ಕಡೆ ನಿಂತು ಅಭ್ಯಾಸವಾದ ನನಗೆ ಇಷ್ಟು ತೆಳು ಹಲಗೆ ಮೇಲೆ ಕಾಲಿಡಲು ಭಯ. ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಆ ಭಯ ಇರಲಿಲ್ಲ. 2019ರ ಫೆಬ್ರವರಿಯಲ್ಲಿ ತೀರ್ಪನ್ನು ಎತ್ತಿಹಿಡಿಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಮೇಲ್ಮನವಿ ಕೇಳಲು ಒಪ್ಪಲಿಲ್ಲ.

'ಮೊಬೈಲ್ ಕಾಲದ ಹೊಸ ಅಪರಾಧ' ಅಂತ ಬರೆಯುವವರಿಗೆ ಒಂದು ಮಾತು. ಅದೇ ರಾಜ್ಯದಲ್ಲಿ 1816ರಲ್ಲೇ ಇಂಥ ಕೇಸ್ ನಡೆದಿದೆ. ಗಲ್ಲಿಗೇರಬೇಕಿದ್ದ ಕೈದಿಯೊಬ್ಬ ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ನೀನೇ ಹುರಿದುಂಬಿಸಿದೆ ಅಂತ ಪಕ್ಕದ ಕೋಣೆಯ ಕೈದಿ ಮೇಲೆ ಕೊಲೆ ಆರೋಪ ಹೊರಿಸಿದರು. ಜ್ಯೂರಿ ಅವನನ್ನು ಬಿಟ್ಟಿತು. ಆಗ ಯಾರ ಕೈಲಿ ಮೊಬೈಲ್ ಇತ್ತು?

ಪ್ರಶ್ನೆ: ನಮ್ಮಲ್ಲಾಗಿದ್ದರೆ 306 ಹಾಕಿ ಹತ್ತು ವರ್ಷ ಒಳಗೆ ಕೂರಿಸುತ್ತಿದ್ದರು, ಅಲ್ವಾ ಸರ್?

ಆತ್ಮಹತ್ಯೆಗೆ ಪ್ರಚೋದನೆ ಈಗ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆಯ) ಸೆಕ್ಷನ್ 306 ಅಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 108. ಹತ್ತು ವರ್ಷ ಅನ್ನುವುದು ಗರಿಷ್ಠ. ಎಫ್‌ಐಆರ್ ಹಾಕುವುದು ಸುಲಭ, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಜಗಳದಲ್ಲಿ 'ಹೋಗಿ ಸಾಯಿ' ಅಂದಮಾತ್ರಕ್ಕೆ ಪ್ರಚೋದನೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2002ರ ಸಂಜಯ್ ಸಿಂಗ್ ಸೆಂಗರ್ ಕೇಸಿನಲ್ಲೇ ಹೇಳಿದೆ. ಆದರೆ ಹೊರಗೆ ಬಂದವನನ್ನು ಮತ್ತೆ ಒಳಗೆ ಕಳಿಸುವುದು ಸಿಟ್ಟಿನ ಮಾತಲ್ಲ. ಅದನ್ನು ಸಾಬೀತು ಮಾಡಿದರೆ ಇಲ್ಲಿಯೂ ಶಿಕ್ಷೆ ಆದೀತು.

ಇನ್ನೊಂದು, ಆಗ ಅವಳಿಗೆ 17 ವರ್ಷ. ನಮ್ಮ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 16 ದಾಟಿದವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಬೇಕಾದರೆ ಅಪರಾಧಕ್ಕೆ ಕನಿಷ್ಠ ಏಳು ವರ್ಷ ಶಿಕ್ಷೆ ಇರಬೇಕು. 108ಕ್ಕೆ ಕನಿಷ್ಠ ಶಿಕ್ಷೆಯೇ ಇಲ್ಲ. ಹಾಗಾಗಿ ಬಾಲನ್ಯಾಯ ಮಂಡಳಿ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ನಿಮ್ಮ ಹತ್ತು ವರ್ಷ ಎಲ್ಲಿಂದ ಬಂತು? ವಾಟ್ಸ್ಆ್ಯಪ್ ವಕೀಲರನ್ನು ಕೇಳಿ.

ಪ್ರಶ್ನೆ: ಅವಳ ಮುಖ ನೋಡಿದರೇ ಗೊತ್ತಾಗುತ್ತೆ, ಕಲ್ಲು ಮನಸ್ಸು. ನಿಮ್ಮ ಅಭಿಪ್ರಾಯ?

ಹುಬ್ಬು ನೋಡಿ ತೀರ್ಪು ಹೇಳುವ ಯೂಟ್ಯೂಬ್ ಬಾಡಿ ಲಾಂಗ್ವೇಜ್ ಪಂಡಿತರನ್ನು ನೋಡುವುದು ಬಿಡಿ.

ಪ್ರಶ್ನೆ: ಡಿಪ್ರೆಶನ್ ಮಾತ್ರೆಯಿಂದಲೇ ಅವಳು ಹಾಗಾದಳು ಅಂತ ಡಾಕ್ಟರೇ ಹೇಳಿದ್ದಾರೆ. ನನ್ನ ಮಗಳೂ ತಗೊಳ್ತಾಳೆ, ನಿಲ್ಲಿಸಲಾ?

ಬೇಡಮ್ಮ. ಹಾಗೆ ಹೇಳಿದ್ದು ಡಿಫೆನ್ಸ್ ಕಡೆಯಿಂದ ಬಂದ ಪೀಟರ್ ಬ್ರೆಗಿನ್ ಎಂಬ ಮನೋವೈದ್ಯ. ಅದನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಈ ಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗಬಹುದು. ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ. ವಕೀಲನನ್ನು ಮಾತ್ರೆ ಕೇಳಬೇಡಿ. 'ಮಾತ್ರೆ ಬಿಡಿಸ್ತೀನಿ, ಕಷಾಯ ಕೊಡ್ತೀನಿ' ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.

ಪ್ರಶ್ನೆ: ಅವಳು ಇನ್ನೂ ಜೈಲಲ್ಲೇ ಇದ್ದಾಳಾ?

ಇಲ್ಲ. ಅನುಭವಿಸಬೇಕಿದ್ದದ್ದು 15 ತಿಂಗಳು. ಸನ್ನಡತೆ ಮೇಲೆ 2020ರ ಜನವರಿಯಲ್ಲೇ ಹೊರಗೆ ಬಂದಳು.

ಪ್ರಶ್ನೆ: ಗೆಳೆಯನೊಬ್ಬ ರಾತ್ರಿ 'ಬದುಕೋದೇ ಬೇಡ ಅನ್ನಿಸ್ತಿದೆ' ಅಂತ ಮೆಸೇಜ್ ಮಾಡ್ತಾನೆ. ರಿಪ್ಲೈ ಮಾಡಿದರೆ ನಾಳೆ ನನ್ನ ಮೇಲೆ ಕೇಸ್ ಬರುತ್ತಾ? ಬ್ಲಾಕ್ ಮಾಡೋದು ಸೇಫಾ?

ಈ ಕೇಸ್ ನೋಡಿ ನೀವು ಕಲಿತದ್ದು ಇದೇನಾ? ಸಮಾಧಾನ ಹೇಳಿದವರ ಮೇಲೆ, ಸಹಾಯ ಮಾಡಿದವರ ಮೇಲೆ ಪ್ರಚೋದನೆ ಕೇಸ್ ನಿಲ್ಲುವುದಿಲ್ಲ. ಬ್ಲಾಕ್ ಮಾಡಬೇಡಿ. ಟೈಪ್ ಮಾಡುತ್ತಾ ಕೂರಬೇಡಿ, ಫೋನ್ ಮಾಡಿ ಮಾತಾಡಿ. 'ಯಾರಿಗೂ ಹೇಳಬೇಡ' ಅಂತ ಅವನು ಆಣೆ ಹಾಕಿಸಿಕೊಂಡಿದ್ದರೂ ಅವನ ಮನೆಯವರಿಗೆ ಇವತ್ತೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವನೂ ಮಾಡಬಹುದು, ಅವನ ಪರವಾಗಿ ನೀವೂ ಮಾಡಬಹುದು. ಈಗಲೇ ಏನಾದರೂ ಮಾಡಿಕೊಂಡಾನು ಅನ್ನಿಸಿದರೆ 112ಕ್ಕೆ ಕರೆ ಮಾಡಿ, ಹತ್ತಿರದಲ್ಲಿದ್ದರೆ ಹೋಗಿ ಅವನ ಜೊತೆ ಕೂತುಕೊಳ್ಳಿ. ನನಗೆ ಪತ್ರ ಆಮೇಲೆ ಬರೆದರಾಯಿತು.